ಬಿರುಗಾಳಿಗೆ ಮುಚ್ಚಿದ ಕೊಪ್ಪರಿಗೆ

ಸುಮ್ಮನಿರುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಕೆಲವರು ಅದನ್ನು ಹುಟ್ಟುವಾಗಲೇ ಕಲಿತು ಬಂದಿರುತ್ತಾರೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಪೇಪರಿನ ಪುಟ ತಿರುಗಿಸುತ್ತ ಕೂತಿರಬಲ್ಲರು. ಹಾಲು ಉಕ್ಕಿ, ಒಲೆ ಆರಿ, ಹೆಂಡತಿ ಬಂದು ಬೈದು, ಆಮೇಲೆ ಎಲ್ಲವೂ ತಾನಾಗಿ ಒಂದು ಹದಕ್ಕೆ ಬರುತ್ತದೆ ಎಂಬ ಗಟ್ಟಿ ನಂಬಿಕೆ ಅವರದು. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಕೂತಲ್ಲಿ ಕೂರಲಾರದವನು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಹೋಗಿ ತಿರುಪಿ ಬರುತ್ತೇನೆ. ನಾನು ತಿರುಪಿದ ಮೇಲೆ ಅದು ಸುರಿಯತೊಡಗುತ್ತದೆ. ಮೆಟ್ರೋದಲ್ಲಿ ಮುಂದೆ ನಿಂತವರ ಚೀಲದ ಜಿಪ್ಪು ತೆರೆದಿದ್ದರೆ ಎಳೆದು ಮುಚ್ಚುತ್ತೇನೆ. ಇದರಿಂದಾಗಿ ಒಮ್ಮೆ ಪೊಲೀಸಿನವನೊಬ್ಬನಿಗೆ ನನ್ನ ಸದುದ್ದೇಶವನ್ನು ಬಹಳ ಹೊತ್ತು ವಿವರಿಸಬೇಕಾಯಿತು. ಹೈಸ್ಕೂಲಿನವರೆಗೆ ಓದಿದವನು ನಾನು. ಅಲ್ಲಿ ಲೆಕ್ಕ, ಸಮಾಜ, ವಿಜ್ಞಾನ ಎಲ್ಲ ಕಲಿಸಿದರು. ಕೈಕಟ್ಟಿ ಕೂರುವುದನ್ನು ಮಾತ್ರ ಶಿಕ್ಷೆಯಾಗಿ ಕೊಟ್ಟರೇ ಹೊರತು ಪಾಠವಾಗಿ ಕಲಿಸಲಿಲ್ಲ. ಕಲಿಸಿದ್ದರೆ ನನ್ನ ಮೊಮ್ಮಗಳ ಬಿರುಗಾಳಿಯನ್ನು ನಾನು ಹಾಳು ಮಾಡುತ್ತಿರಲಿಲ್ಲ.

ಬಿರುಗಾಳಿಯನ್ನು ಹಾಳು ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಅದೇ ನಮ್ಮನ್ನು ಹಾಳು ಮಾಡುತ್ತದೆ. ನನ್ನ ಕಸುಬೇ ಅದಕ್ಕೆ ಸಾಕ್ಷಿ. ನಾನು ಉಡುಪಿ ಕಡೆಯವನು. ಹೈಸ್ಕೂಲು ಮುಗಿದದ್ದೇ ತಡ, ಸೋದರಮಾವನ ಹೋಟೆಲಿಗೆಂದು ಈ ಕೋಲ್ಕತ್ತಾಕ್ಕೆ ಬಂದೆ. ಮಾವನ ಕಾಲಾನಂತರ ಹೋಟೆಲು ಹೋಗಿ ಮದುವೆ ಮುಂಜಿಗಳ ಅಡುಗೆ ಕಂಟ್ರಾಕ್ಟು ಉಳಿಯಿತು. ಈಗ ಅದನ್ನು ಮಗ ನೋಡಿಕೊಳ್ಳುತ್ತಾನೆ. ನಮ್ಮವರ ಮದುವೆಗಳೆಲ್ಲ ಬೇಸಗೆಯಲ್ಲಿ. ಇಲ್ಲಿಯ ಬಿರುಗಾಳಿಗಳೂ ಬೇಸಗೆಯಲ್ಲೇ. ಇಡೀ ದಿನ ಬೆಂದ ಊರಿನ ಮೇಲೆ ಸಂಜೆಯ ಹೊತ್ತಿಗೆ ವಾಯವ್ಯದಿಂದ ಹಂಚಿನ ಮಸಿಯಂಥ ಮೋಡ ಏರಿ ಬರುತ್ತದೆ. ಕಾಲಬೈಶಾಖಿ ಎಂದು ಕರೆಯುತ್ತಾರೆ. ಊರಿಗೆ ಊರೇ ಕಿಟಕಿಗೆ ಬಂದು ಅಬ್ಬಾ ತಂಪಾಯಿತು ಎನ್ನುವಾಗ, ಟೆರೇಸಿನ ಮೇಲೆ ಪೆಂಡಾಲು ಹಾಕಿ ಸಾರು ಕುದಿಸುತ್ತಿರುವವನ ಎದೆ ಒಡೆದು ಹೋಗುತ್ತದೆ. ಒಮ್ಮೆ ಸದರ್ನ್ ಅವೆನ್ಯೂವಿನ ಮನೆಯೊಂದರಲ್ಲಿ ನಾಮಕರಣದ ಹಪ್ಪಳಗಳೆಲ್ಲ ಎದ್ದು ಎದುರಿನ ಸರೋವರದ ಕಡೆಗೆ ಹಾರಿಹೋದುವು. ಅಂದಿನಿಂದ ನಮ್ಮ ಹುಡುಗರಿಗೆ ನನ್ನ ಆಜ್ಞೆ ಒಂದೇ: ಗಾಳಿ ಎದ್ದರೆ ಏನೂ ಯೋಚಿಸಬೇಡಿ, ಕಂಡದ್ದನ್ನೆಲ್ಲ ಮುಚ್ಚಿ. ಯೋಚಿಸುವ ಕೆಲಸವನ್ನು ನಾನೂ ಅಂದಿನಿಂದ ಬಿಟ್ಟೆ.

ಆದರೂ ನಮ್ಮ ಜನರಲ್ಲಿ ನನಗೊಂದು ಹೆಸರಿತ್ತು. ಭಟ್ಟರು ಆಕಾಶ ನೋಡಿ ಹೇಳಿದರೆ ಮುಗಿಯಿತು, ಮಳೆ ಬಂದೇ ಬರುತ್ತದೆ ಎನ್ನುತ್ತಿದ್ದರು. ನಾನು ಮೂಲೆಗೆ ಹೋಗಿ, ಹುಬ್ಬಿಗೆ ಕೈ ಹಿಡಿದು, ವಾಯವ್ಯದ ಕಡೆ ನೋಡುವುದು ನಿಜ. ಆದರೆ ಇನ್ನೊಂದು ಕೈಯಲ್ಲಿ ಫೋನು ಇರುತ್ತಿತ್ತು. ವಾಯವ್ಯಕ್ಕಿರುವ ಬರ್ಧಮಾನದಲ್ಲಿ ಹೋಟೆಲು ಇಟ್ಟಿರುವ ನಮ್ಮ ಊರಿನ ವಾಸುದೇವನಿಗೆ ಫೋನು ಮಾಡಿ, ಅಲ್ಲಿ ಬಂತಾ ಎಂದು ಕೇಳುತ್ತಿದ್ದೆ. ಅಲ್ಲಿ ಬಂದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ. ಇದರಲ್ಲೂ ಎಷ್ಟೋ ಸಲ ಮೋಸ ಹೋಗಿದ್ದೇನೆ. ವಾಸುದೇವನ ಬಿರುಗಾಳಿ ದಾರಿಯಲ್ಲೇ ಎಲ್ಲೋ ತಿರುಗಿ ಹೋಗಿ, ನಾನು ತಾಡಪಾಲು ಹೊದಿಸಿದ ಪೆಂಡಾಲಿನ ಒಳಗೆ ನೆಂಟರೆಲ್ಲ ಬೆವರಿ ಬೆಂದದ್ದುಂಟು.

ಈ ಫೋನಿನ ಗುಟ್ಟು ಗೊತ್ತಿದ್ದವಳು ಮೊಮ್ಮಗಳು ಅನಘಾ ಒಬ್ಬಳೇ. ಚಿಕ್ಕವಳಿದ್ದಾಗ ಬೇಸಗೆ ರಜೆಯಲ್ಲಿ ನನ್ನ ಜೊತೆ ಮದುವೆಗಳಿಗೆ ಬರುತ್ತಿದ್ದಳು. ಮಕ್ಕಳು ಸಾಮಾನ್ಯವಾಗಿ ಕೇಳುವುದು ಪಾಯಸ ಯಾವಾಗ ಎಂದು. ಇವಳು ಕೇಳುತ್ತಿದ್ದದ್ದು, ಅಜ್ಜ, ಬರ್ಧಮಾನದ ಗಾಳಿಗೆ ನಮ್ಮ ಮನೆಯ ದಾರಿ ಹೇಗೆ ಗೊತ್ತು, ಇವತ್ತು ಬಂದದ್ದು ನಿನ್ನೆ ಯಾಕೆ ಬರಲಿಲ್ಲ ಎಂದು. ನಾನು ದೇವರ ಇಚ್ಛೆ ಎಂದುಬಿಡುತ್ತಿದ್ದೆ. ಆ ಉತ್ತರ ಅವಳಿಗೆ ಸಾಕಾಗಲಿಲ್ಲ. ಲೇಕ್ ಗಾರ್ಡನ್ಸಿನ ನಮ್ಮ ಮನೆಯಲ್ಲಿ ಗಾಳಿ ಎದ್ದಾಗ ಎಲ್ಲರೂ ಕಿಟಕಿ ಹಾಕಲು ಓಡಿದರೆ ಅವಳು ಮೆಟ್ಟಿಲು ಹತ್ತಿ ಟೆರೇಸಿಗೆ ಓಡುತ್ತಿದ್ದಳು. ಅವಳನ್ನು ಎಳೆದು ತರಲು ನಮ್ಮವಳು, ಅಂದರೆ ಅವಳ ಅಜ್ಜಿ, ಓಡುತ್ತಿದ್ದಳು. ಇಬ್ಬರೂ ತೊಪ್ಪೆಯಾಗಿ ಇಳಿದು ಬರುತ್ತಿದ್ದರು.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದಳು. ಮಗನಿಗೆ ಅವಳು ಹೋಟೆಲ್ ಮ್ಯಾನೇಜ್‌ಮೆಂಟೋ, ಊರಂಚಿನ ಜೋಕಾದ ದೊಡ್ಡ ಕ್ಯಾಂಪಸ್ಸಿನಲ್ಲಿ ಎಂಬಿಎಯೋ ಮಾಡಲಿ ಎಂದಿತ್ತು. ಅವಳು ಹವಾಮಾನ ವಿಜ್ಞಾನ ಎಂದಳು. ಅದರಲ್ಲೂ ಬಿರುಗಾಳಿ. ಯುಗಾದಿಗೆ ಸೇರಿದ್ದ ನೆಂಟರೊಬ್ಬರು, ಟಿವಿಯಲ್ಲಿ ನಕ್ಷೆಯ ಮುಂದೆ ನಿಂತು ಮಾತಾಡುವ ಕೆಲಸವೋ ಎಂದು ಕೇಳಿದರು. ಇನ್ನೊಬ್ಬರು ತಮ್ಮ ಮಗಳ ಮದುವೆಯ ದಿನ ಹೇಳಿ, ಅವತ್ತು ಹೇಗಿದೆ ನೋಡಮ್ಮ ಎಂದರು. ಮದುವೆಗೆ ಇನ್ನೂ ಗಂಡು ಗೊತ್ತಾಗಿರಲಿಲ್ಲ. ನಾನೂ ಸುಮ್ಮನಿರಲಿಲ್ಲ. ಜೀವಮಾನವಿಡೀ ನಮ್ಮ ಅನ್ನಕ್ಕೆ ಕಲ್ಲು ಹಾಕಿದ ಗಾಳಿ ಅದು, ಅದರಲ್ಲಿ ಓದುವುದಕ್ಕೆ ಎಂತ ಉಂಟು ಎಂದೆ. ಅವಳು ನಕ್ಕು, ಅದಕ್ಕೇ ಅಜ್ಜ, ಎಂದಳು. ಎಂಎಸ್ಸಿಗೆ ಸೇರಿಯೂ ಆಯಿತು.

ಎಂಎಸ್ಸಿಯ ಕೊನೆಯ ವರ್ಷ. ಅವಳ ಪ್ರೊಫೆಸರು ಒಬ್ಬರು ಬಂಗಾಳಿ ಮೇಡಂ. ಕಾಲಬೈಶಾಖಿ ಊರೊಳಗೆ ನುಗ್ಗುವಾಗ ಯಾವ ಬೀದಿಯಲ್ಲಿ ಹೇಗೆ ಬೀಸುತ್ತದೆ ಎಂದು ನೋಡಲು ಅಲ್ಲಲ್ಲಿ ಮನೆಗಳ ಟೆರೇಸಿನ ಮೇಲೆ ವಿದ್ಯಾರ್ಥಿಗಳಿಂದ ಯಂತ್ರ ಇಡಿಸಿದ್ದರು. ಬೇಸಗೆ ಮುಗಿದ ಮೇಲೆ ಎಲ್ಲರೂ ತಾವು ಕಂಡದ್ದನ್ನು ಒಂದು ಸಮಿತಿಯ ಮುಂದೆ ಹೇಳಬೇಕು. ಅವರಲ್ಲಿ ಒಬ್ಬರಿಗೆ ಮಾತ್ರ ಮೇಡಂ ಕೈಕೆಳಗೆ ಬಿರುಗಾಳಿಯ ಸಂಶೋಧನೆಗೆ ಜಾಗ. ಆ ಒಂದು ಜಾಗವೇ ಅನಘಾಳ ಜಪವಾಗಿತ್ತು. ಅವಳ ಒಂದು ಯಂತ್ರ ಜೋಕಾದಲ್ಲಿ ಗೆಳತಿಯ ಮನೆಯ ಮೇಲೆ, ಇನ್ನೊಂದು ನಮ್ಮ ಟೆರೇಸಿನ ಮೇಲೆ. ನೋಡಲು ಏನೂ ಇಲ್ಲ. ಮೂರು ಕಾಲಿನ ಗಿಡ್ಡ ಸ್ಟ್ಯಾಂಡು, ಅದರ ಮೇಲೆ ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳು, ದಿಕ್ಕು ತೋರಿಸುವ ಒಂದು ಬಾಲ, ಅಂಕಿಗಳನ್ನು ಕಾಲೇಜಿನ ಕಂಪ್ಯೂಟರಿಗೆ ಕಳಿಸುವ ಬಿಳಿ ಡಬ್ಬಿ. ಪಕ್ಕದಲ್ಲಿ ಮಳೆ ಅಳೆಯುವ ಕೊಳವೆ. ಕೊಳವೆಯ ಒಳಗೆ ಪುಟ್ಟ ತಕ್ಕಡಿಯೊಂದು ತುಂಬಿ ತುಂಬಿ ಮಗುಚುತ್ತ ಟಿಕ್ ಟಿಕ್ ಎಂದು ಲೆಕ್ಕ ಇಡುತ್ತದಂತೆ. ಯಾರೂ ಮುಟ್ಟಬಾರದು, ಹತ್ತಿರ ಸೀರೆ ಒಣಗಿಸಬಾರದು. ನೋಡಿಕೊಳ್ಳುವ ಜವಾಬ್ದಾರಿ ನನ್ನದು.

"ಅಜ್ಜ, ನೀವು ಕೂಡ ಟಚ್ ಮಾಡ್ಬಾರ್ದು. ಪ್ರಾಮಿಸ್?" ಎಂದಳು.

"ನಾನ್ಯಾಕೆ ಮುಟ್ಲಿ ಮಾರಾಯ್ತಿ, ನನಗೆ ಬೇರೆ ಕೆಲ್ಸ ಇಲ್ವಾ?" ಎಂದೆ. ಬೇರೆ ಕೆಲಸ ಇರಲಿಲ್ಲ. ಅದೇ ತೊಂದರೆಯಾದದ್ದು.

ಬಹಳ ದಿನ ಕಾದ ಮೇಲೆ ಒಂದು ಮಧ್ಯಾಹ್ನ ಅವಳು, ಇವತ್ತು ದೊಡ್ಡದು ಬರುತ್ತದೆ ಎಂದು ಸಂಭ್ರಮದಿಂದ ಜೋಕಾಕ್ಕೆ ಓಡಿದಳು. ಮಗ, ಸೊಸೆ ಕೆಲಸದ ಮೇಲೆ ಹೋಗಿದ್ದರು. ಸಂಜೆಯಾಗುತ್ತಲೇ ಮೋಡ ಎದ್ದಿತು. ನಾನು ಟೆರೇಸಿನಲ್ಲೇ ಇದ್ದೆ. ಎದುರು ಮನೆಯ ಶೀಟುಗಳು ಪಟಪಟ ಎಂದವು, ಬೀದಿಯ ಕೃಷ್ಣಚೂಡ ಮರದ ಕೊಂಬೆಯೊಂದು ಲಟ್ಟನೆ ಮುರಿಯಿತು, ಬಟ್ಟಲುಗಳು ಗರಗರ ತಿರುಗಿದವು. ಪಾಪ, ಇಷ್ಟು ಚಿಕ್ಕ ಯಂತ್ರ, ಮಗು ಎಷ್ಟು ಜೋಪಾನವಾಗಿ ಇಟ್ಟಿದ್ದಾಳೆ, ಹಾರಿ ಹೋದರೆ ಗತಿ ಏನು ಎನಿಸಿತು. ಆಮೇಲಿನದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನ ಕೈಗಳು ಮಾಡಿದವು ಎನ್ನುವುದು ಸರಿ. ನಮ್ಮ ಅಡುಗೆಯ ಪಾತ್ರೆಗಳೆಲ್ಲ ಟೆರೇಸಿನ ಕೋಣೆಯಲ್ಲೇ ಇರುತ್ತವೆ. ಸಾಂಬಾರಿನ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿ ತಂದು ಸ್ಟ್ಯಾಂಡಿನ ಮೇಲೆ ಕವುಚಿದೆ. ಮಳೆಯ ಕೊಳವೆಗೆ ಇಡ್ಲಿ ಬೇಯಿಸುವ ಅಟ್ಟದ ಮುಚ್ಚಳ. ಮೇಲೆ ಇಟ್ಟಿಗೆ, ಸುತ್ತ ಪೆಂಡಾಲಿನ ಹಗ್ಗ. ಈ ವಯಸ್ಸಿನಲ್ಲೂ ಗಂಟು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಂದು ಹನಿ ಒಳಗೆ ಹೋಗಲಿಲ್ಲ, ಒಂದು ಎಳೆ ಗಾಳಿ ನುಸುಳಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು, ಆಲಿಕಲ್ಲು ಕೊಪ್ಪರಿಗೆಯ ಮೇಲೆ ಜಾಗಟೆ ಬಾರಿಸುವುದನ್ನು ಕೇಳುತ್ತ, ಬಹಳ ದಿನಗಳ ಮೇಲೆ ಒಂದು ಉಪಯೋಗದ ಕೆಲಸ ಮಾಡಿದೆ ಎಂದುಕೊಂಡೆ.

ಗಾಳಿ ನಿಂತು, ಮಳೆ ಬಿಟ್ಟು, ಆಕಾಶ ಬಿಳಿಚಿಕೊಂಡ ಮೇಲೆ ಗಂಟು ಬಿಚ್ಚಿ ಕೊಪ್ಪರಿಗೆ ತೆಗೆಯುತ್ತಿದ್ದಾಗ ಫೋನು ಬಂತು. ಜೋಕಾದಿಂದ ಅನಘಾ. ಅವಳ ದನಿ ಚಿಕ್ಕಂದಿನದಾಗಿತ್ತು. ಇಂಥ ಗಾಳಿ ಇಡೀ ಬೇಸಗೆಯಲ್ಲಿ ಬಂದಿರಲಿಲ್ಲವಂತೆ. ಜೋಕಾದಿಂದ ನಮ್ಮ ಮನೆಯವರೆಗೆ ಅದು ಹೇಗೆ ಬೀಸಿತೆಂದು ಎರಡೂ ಯಂತ್ರ ಜೋಡಿಸಿ ನೋಡಿದರೆ ಗೊತ್ತಾಗುತ್ತದಂತೆ. "ಅಜ್ಜ, ನಮ್ಮ ಟೆರೇಸ್‌ದು ಸೂಪರ್ ಡೇಟಾ ಬಂದಿರತ್ತೆ ಅಲ್ವಾ?" ಎಂದು ಕೇಳಿದಾಗ ನನ್ನ ಕೈಯಲ್ಲಿ ಇಡ್ಲಿ ಅಟ್ಟದ ಮುಚ್ಚಳವಿತ್ತು. ಆಗ ಹೊಳೆಯಿತು. ಅವಳು ಯಂತ್ರ ಇಟ್ಟದ್ದು ಬಿರುಗಾಳಿಗಾಗಿ. ನಾನು ಬಿರುಗಾಳಿಯ ದಿನವೊಂದನ್ನು ಬಿಟ್ಟು ಬೇರೆಲ್ಲ ದಿನ ಅದನ್ನು ತೆರೆದಿಟ್ಟಿದ್ದೆ.

ಅಲ್ಲಿಗೆ ನಿಂತಿದ್ದರೂ ನಾನು ಬರೇ ದಡ್ಡನಾಗಿ ಉಳಿಯುತ್ತಿದ್ದೆ. ಅಪರಾಧಿಯಾದದ್ದು ಆಮೇಲೆ. ಅಡುಗೆಯವನ ಅಭ್ಯಾಸ ನೋಡಿ: ಉಪ್ಪು ಕಡಿಮೆಯಾದರೆ ಆಮೇಲೆ ಹಾಕಿದರಾಯಿತು. ಟೆರೇಸಿನಲ್ಲಿದ್ದ ಬಕೆಟ್ಟು ಮಳೆ ನೀರಿನಿಂದ ತುಂಬಿತ್ತು. ಅದರಿಂದಲೇ ಚೊಂಬಿನಲ್ಲಿ ಮೊಗೆದು ಕೊಳವೆಗೆ ಸುರಿದೆ. ನಲ್ಲಿ ನೀರು ಹಾಕಲಿಲ್ಲ; ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು. ಒಳಗಿನ ತಕ್ಕಡಿ ಟಿಕ್ ಟಿಕ್ ಎನ್ನುವುದರ ಬದಲು ಟೈಪ್‌ರೈಟರಿನಂತೆ ಬಡಿದುಕೊಂಡಿತು. ಮಳೆಯಾಯಿತು, ಇನ್ನು ಗಾಳಿ. ಬೆರಳಿನಿಂದ ಬಟ್ಟಲುಗಳನ್ನು ತಿರುಗಿಸಿದೆ. ಕಾಶಿ ಹಲ್ವ ಮಗುಚುವಾಗಲೂ ನನ್ನ ತೋಳಿಗೆ ಅಷ್ಟು ನೋವಾಗಿರಲಿಲ್ಲ. ಸಾಕಷ್ಟು ದೊಡ್ಡ ಬಿರುಗಾಳಿಯಾಯಿತು ಎನಿಸಿದ ಮೇಲೆ ಕೆಳಗೆ ಇಳಿದು ಕಾಫಿ ಕುಡಿದೆ.

ಮರುದಿನ ಸಂಜೆ ಅನಘಾ ಮನೆಗೆ ಬಂದಾಗ ಅವಳ ಮುಖದಲ್ಲಿ ಬೆಳಕಿತ್ತು. ನಮ್ಮ ಟೆರೇಸಿನಲ್ಲಿ ವಿಚಿತ್ರ ನಡೆದಿದೆಯಂತೆ. ಸುತ್ತಲೆಲ್ಲ ಮರ ಬೀಳುತ್ತಿದ್ದಾಗ ಅಲ್ಲಿ ಗಾಳಿ ಸೊನ್ನೆ, ಮಳೆ ಸೊನ್ನೆ. ಎಲ್ಲ ಮುಗಿದ ಮೇಲೆ ಒಮ್ಮೆಲೇ ಹೊಯ್ದಂಥ ಮಳೆ, ದಿಕ್ಕೇ ಬದಲಿಸದ ಗಾಳಿ. ಬಿರುಗಾಳಿಯ ನಡುವೆ ಒಂದು ತೂತು ಎಂದಳು. ನಮ್ಮ ಮನೆ ಹತ್ತಿರದ ಸರೋವರದ ತಂಪಿಗೂ ಅದಕ್ಕೂ ಏನೋ ಸಂಬಂಧ ಇರಬೇಕಂತೆ. ಮೇಡಂ ಒಪ್ಪಿರಲಿಲ್ಲ, ಯಂತ್ರ ಕೆಟ್ಟಿರಬೇಕು, ಇಲ್ಲವೇ ಯಾರೋ ಕೈ ಹಾಕಿರಬೇಕು ಎಂದಿದ್ದರು. ಇವಳು ಬಿಡಲಿಲ್ಲ. ನನ್ನ ಅಜ್ಜ ಅಲ್ಲೇ ಇದ್ದರು, ಅವರು ಒಂದು ಕಾಗೆಯನ್ನೂ ಹತ್ತಿರ ಬಿಡುವವರಲ್ಲ ಎಂದು ಮೇಡಂ ಎದುರು ವಾದಿಸಿ ಬಂದಿದ್ದಳು. ಸಮಿತಿಯ ಮುಂದೆ ಆ ತೂತನ್ನೇ ಇಡುವುದೆಂದು ನಿಶ್ಚಯಿಸಿದ್ದಳು. ನಾನು ಬಾಯಿಬಿಟ್ಟೆ. ಊಟಕ್ಕೆ ಬಾ ಎಂದೆ.

ಮುಂದಿನ ದಿನಗಳ ಅವಸ್ಥೆ ಹೇಳಬಾರದು. ಹೇಳಬೇಕೆಂದು ಹೋಗುವುದು, ಬರಿಗೈಯಲ್ಲಿ ಹೇಗೆ ಹೇಳುವುದೆಂದು ಏನಾದರೂ ಸಿಹಿ ಮಾಡುವುದು, ಅವಳು ಅದನ್ನು ತಿಂದು ಥ್ಯಾಂಕ್ಸ್ ಅಜ್ಜ ಎಂದಾಗ ಧೈರ್ಯ ಇಳಿದು ಹಿಂದೆ ಬರುವುದು. ಹಯಗ್ರೀವ ಆಯಿತು, ಹಾಲುಬಾಯಿ ಆಯಿತು, ಹೋಳಿಗೆ ಆಯಿತು. ಅನಘಾಳ ಕುರ್ತಾ ಬಿಗಿಯಾಯಿತು. ನಮ್ಮವಳು ಕೆಲವು ದಿನ ನೋಡಿದಳು. ಮದುವೆಯಾದಂದಿನಿಂದ ನನ್ನ ಸಿಹಿಯನ್ನು ತಿಂದು ಅನುಭವಿಸಿದವಳು ಅವಳು.

"ಈ ಸಲ ಯಾರಿಗೆ ಎಂತ ಮಾಡಿ ಇಟ್ಟಿದ್ದೀರಿ?" ಎಂದು ಕೇಳಿದಳು.

ನಾನು ಏನೂ ಇಲ್ಲ ಎಂದೆ. ಅವಳು ಸೌಟು ಕೆಳಗಿಟ್ಟಳು. ಎಲ್ಲ ಹೇಳಬೇಕಾಯಿತು.

"ಅವಳ ತಲೆಯಲ್ಲಿ ಈಗ ಆ ತೂತೇ ತುಂಬಿದೆ. ಅಲ್ಲಿ ಹೋಗಿ ಎಲ್ಲರ ಎದುರು ನಗೆಪಾಟಲಾದ್ರೆ ಆಮೇಲೆ ಎಷ್ಟು ಹೋಳಿಗೆ ತಟ್ತೀರಿ ನೀವು?" ಎಂದಳು.

ಸಮಿತಿಯ ಹಿಂದಿನ ದಿನ ಮಧ್ಯಾಹ್ನ ಅನಘಾ ನಮ್ಮಿಬ್ಬರನ್ನು ಸೋಫಾದಲ್ಲಿ ಕೂರಿಸಿ, ಫ್ರಿಜ್ಜಿನ ಪಕ್ಕ ಲ್ಯಾಪ್‌ಟಾಪ್ ಇಟ್ಟು, ನಾಳೆಯ ಭಾಷಣ ಒಪ್ಪಿಸಿದಳು. ನಮಗಾಗಿ ಕನ್ನಡದಲ್ಲಿ ಹೇಳಲು ಬಹಳ ಪ್ರಯತ್ನ ಮಾಡಿದಳು. ಕನ್ನಡ ಮುಗಿದಾಗ ಇಂಗ್ಲಿಷು, ಅದೂ ಸಾಲದಾದಾಗ ಕೈ. ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಮಲಗಿ, ಕೊನೆಯಲ್ಲಿ ಗೋಪುರದಂತೆ ಎದ್ದಿತ್ತು.

"ಇಲ್ಲಿ ನೋಡಿ ಅಜ್ಜ. ಸ್ಟಾರ್ಮ್ ಎಲ್ಲ ಹೋದ್ಮೇಲೆ ಈ ಮಳೆ. ಇಷ್ಟು ಫಾಸ್ಟ್ ಮಳೆ ಕೋಲ್ಕತ್ತಾದಲ್ಲಿ ಯಾರೂ ನೋಡೇ ಇಲ್ಲ," ಎಂದಳು.

ನಾನು ಎದ್ದು ನಿಂತೆ. "ಅದು ಮಳೆ ಅಲ್ಲ ಮಗಾ. ಅದು ನಾನು."

ಅವಳಿಗೆ ಅರ್ಥವಾಗಲಿಲ್ಲ. ಚೊಂಬಿನ ವಿಷಯ ಹೇಳಿದೆ. ಅವಳು ಪರದೆಯನ್ನು ನೋಡಿ, ನನ್ನನ್ನು ನೋಡಿ, ಇನ್ನೊಂದು ಗೆರೆಯ ಮೇಲೆ ಬೆರಳಿಟ್ಟಳು.

"ಮತ್ತೆ ಈ ಗಾಳಿ?"

"ಅದೂ ನಾನೇ."

"ಈ ಝೀರೋ?"

"ಅದು ಸಾಂಬಾರಿನ ಕೊಪ್ಪರಿಗೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನಾನು ಮೇಡಂ ಹತ್ರ ಫೈಟ್ ಮಾಡಿದೆ ಅಜ್ಜ. ನೀವು ಟಚ್ ಮಾಡಲ್ಲ ಅಂತ," ಎಂದು ಮೆಲ್ಲಗೆ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ನನ್ನ ಜೀವಮಾನದಲ್ಲಿ ಅನ್ನ ಸೀದದ್ದುಂಟು, ಪಾಯಸಕ್ಕೆ ಉಪ್ಪು ಬಿದ್ದದ್ದುಂಟು, ಬೀಗರು ಎಲೆ ಬಿಟ್ಟು ಎದ್ದದ್ದುಂಟು. ಆ ಬಾಗಿಲು ಮುಚ್ಚಿದ ಸದ್ದಿನಷ್ಟು ಯಾವುದೂ ನನ್ನನ್ನು ಕುಗ್ಗಿಸಿರಲಿಲ್ಲ. ನಮ್ಮವಳು ಒಂದು ಲೋಟ ನೀರು ತಂದು ಕೊಟ್ಟಳು. ನೀರು ಕಂಡರೇ ನಾಚಿಕೆಯಾಗುತ್ತಿತ್ತು, ಆದರೂ ಕುಡಿದೆ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಅಳತೆಯ ಟೇಪಿತ್ತು. ಕೊಪ್ಪರಿಗೆ ಎಲ್ಲಿ ಎಂದು ಕೇಳಿದಳು. ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಅದರ ಅಗಲ, ಎತ್ತರ, ದಪ್ಪ ಎಲ್ಲ ಅಳೆದಳು. ಮೋಡ ಎಲ್ಲಿಗೆ ಬಂದಾಗ ಮುಚ್ಚಿದಿರಿ, ಯಾವಾಗ ತೆಗೆದಿರಿ, ಎಷ್ಟು ಚೊಂಬು, ಯಾವ ಕೈಯಲ್ಲಿ ತಿರುಗಿಸಿದಿರಿ ಎಂದು ಪೊಲೀಸರಿಗಿಂತ ಹೆಚ್ಚು ಕೇಳಿದಳು. ಚೊಂಬಿನ ಲೆಕ್ಕ ನನಗೆ ನೆನಪಿರಲಿಲ್ಲ. ಅಂದಾಜು ಎಂದೆ. ಆ ಮಾತಿಗೆ ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇವಳು ಈ ವಿದ್ಯೆಗೆ ತಕ್ಕವಳು ಎಂದು ನನಗೆ ಮೊದಲ ಸಲ ಖಾತ್ರಿಯಾಯಿತು.

ಮರುದಿನ ನಾನೂ ಬರುತ್ತೇನೆಂದು ಹಟ ಹಿಡಿದೆ. ಬನ್ನಿ, ಆದರೆ ಏನೂ ಮಾಡಿಕೊಂಡು ಬರಬೇಡಿ ಎಂದಳು. ಬರಿಗೈಯಲ್ಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಉಳಿದ ವಿದ್ಯಾರ್ಥಿಗಳ ಗೆರೆಗಳೆಲ್ಲ ರೇಷ್ಮೆಯಂತೆ ನುಣುಪಾಗಿದ್ದವು. ಅನಘಾಳ ಸರದಿ ಬಂತು. ಜೋಕಾದ ಲೆಕ್ಕ ಹೇಳಿದಳು. ಆಮೇಲೆ, ಲೇಕ್ ಗಾರ್ಡನ್ಸಿನದು ಬಿರುಗಾಳಿಯ ತೂತು ಎಂದು ನಾನು ನಂಬಿದ್ದೆ, ಮೇಡಂ ಎಚ್ಚರಿಸಿದರೂ ಕೇಳಲಿಲ್ಲ, ಅದು ತಪ್ಪು ಎಂದು ಹೇಳಿ ಕೊಪ್ಪರಿಗೆಯ ಚಿತ್ರ ಹಾಕಿದಳು. ಪಕ್ಕದಲ್ಲಿ ಅಳತೆ. ಇಡೀ ಕೋಣೆ ನಕ್ಕಿತು. ಅವಳ ಕಿವಿ ಕೆಂಪಾದವು, ಆದರೆ ದನಿ ನಡುಗಲಿಲ್ಲ. ಯಾವ ಗೆರೆ ಯಂತ್ರದ್ದು, ಯಾವುದು ಅಜ್ಜನದ್ದು ಎಂದು ಬೇರೆ ಬೇರೆ ಬಣ್ಣ ಬಳಿದು ತೋರಿಸಿದಳು. ಅಜ್ಜನದ್ದು ಕೇಸರಿ. ದಿಕ್ಕಿನ ಬಾಲ ಅಲುಗದೆ ಬಟ್ಟಲು ಮಾತ್ರ ತಿರುಗಿದ್ದು ಕಂಡಾಗಲೇ ತನಗೆ ಅನುಮಾನ ಬರಬೇಕಿತ್ತು, ಆಸೆಯಿಂದ ನೋಡಿದ್ದರಿಂದ ಬರಲಿಲ್ಲ ಎಂದೂ ಒಪ್ಪಿಕೊಂಡಳು.

ಮೇಡಂ ಕನ್ನಡಕ ತೆಗೆದು ಹಿಂದಿನ ಬೆಂಚಿನ ಕಡೆ ನೋಡಿ, ಯಾಕೆ ಮುಚ್ಚಿದಿರಿ ಎಂದು ಬಂಗಾಳಿಯಲ್ಲಿ ಕೇಳಿದರು. ನನ್ನ ಹೋಟೆಲಿನ ಬಂಗಾಳಿಯಲ್ಲಿ, ಒದ್ದೆಯಾಗುತ್ತದೆಂದು ಮುಚ್ಚಿದೆ ಎಂದೆ. ಮಳೆ ಅಳೆಯುವ ಯಂತ್ರ ಒದ್ದೆಯಾಗುತ್ತದೆಂದೇ ಎಂದು ಕೇಳಿದರು. ಹೌದು ಎಂದೆ. ಮೇಡಂ ಮತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಕಾಗದ ನೋಡುತ್ತ ಕೂತರು. ಅವರ ಭುಜ ಅಲುಗುತ್ತಿದ್ದವು.

ಜಾಗ ಅನಘಾಳಿಗೇ ಸಿಕ್ಕಿತು. ಮೇಡಂ ಅವಳಿಗೆ ಹೇಳಿದ್ದಿಷ್ಟಂತೆ: ಉಳಿದವರ ಅಂಕಿಗಳು ಅಷ್ಟು ಚೆನ್ನಾಗಿರುವುದನ್ನು ನೋಡಿದರೆ, ಒಂದೋ ಅವರ ಮನೆಯಲ್ಲಿ ಅಜ್ಜಂದಿರಿಲ್ಲ, ಇಲ್ಲವೇ ಅಜ್ಜಂದಿರು ಮಾಡಿಟ್ಟದ್ದು ಅವರಿಗೆ ಗೊತ್ತಾಗಿಲ್ಲ. ಅನಘಾ ಮನೆಗೆ ಬಂದು ನಮ್ಮವಳನ್ನು ಅಪ್ಪಿಕೊಂಡು ಕುಣಿದಳು. ನನ್ನನ್ನು ಅಪ್ಪಿಕೊಳ್ಳುವ ಮೊದಲು ಒಂದು ಕ್ಷಣ ತಡೆದಳು. ಆಮೇಲೆ ಅಪ್ಪಿಕೊಂಡಳು. ಆ ತಡೆದ ಕ್ಷಣಕ್ಕೆ ನಾನು ಅರ್ಹನಾಗಿದ್ದೆ.

ಮೇಡಂ ಅವರದು ಒಂದು ಷರತ್ತು ಮಾತ್ರ ಇತ್ತು. ಯಂತ್ರ ನಮ್ಮ ಟೆರೇಸಿನಿಂದ ಹೋಗಬೇಕು. ಈಗ ಅದು ಸದರ್ನ್ ಅವೆನ್ಯೂವಿನಲ್ಲಿ ಶ್ರೀಕಂಠಯ್ಯನವರ ಮನೆಯ ಮೇಲಿದೆ. ಅವರು ಮೈಸೂರಿನವರು, ರೈಲ್ವೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ಹಾಲು ಉಕ್ಕಿದರೂ ಪೇಪರು ಬಿಡದ ಪೈಕಿ. ಸರೋವರದ ಸುತ್ತ ಬೆಳಿಗ್ಗೆ ವಾಕಿಂಗಿಗೆ ಬಂದಾಗ, ನಿನ್ನೆ ನಮ್ಮಲ್ಲಿ ಗಾಳಿ ಇಷ್ಟಿತ್ತು ಸ್ವಾಮಿ, ಎಂದು ಅದನ್ನು ತಾವೇ ಬೀಸಿದವರಂತೆ ಹೇಳುತ್ತಾರೆ. ನನ್ನ ಮೊಮ್ಮಗಳು ಅವರ ಮನೆಗೆ ಹೋಗುತ್ತಾಳೆ, ಅವರ ಟೆರೇಸ್ ಹತ್ತುತ್ತಾಳೆ, ಅವರನ್ನು ಅಂಕಲ್ ತುಂಬಾ ರಿಲಾಯಬಲ್ ಎಂದು ನನ್ನೆದುರೇ ಹೊಗಳುತ್ತಾಳೆ. ನಾನು ಹೌದು ಹೌದು ಎನ್ನುತ್ತೇನೆ.

ಮೊನ್ನೆ ಸಂಜೆ ಮತ್ತೆ ಗಾಳಿ ಎದ್ದಿತು. ಅನಘಾ ಮೇಡಂ ಜೊತೆ ಊರಾಚೆ ಎಲ್ಲೋ ಇದ್ದಳು, ಅವಳ ಫೋನು ಸಿಗುತ್ತಿರಲಿಲ್ಲ. ನನಗೆ ಶ್ರೀಕಂಠಯ್ಯನವರ ಫೋನು ಬಂತು. ಆ ಸ್ಥಿತಪ್ರಜ್ಞರ ದನಿಯಲ್ಲಿ ಮೊದಲ ಸಲ ಗಾಬರಿಯಿತ್ತು. "ಸ್ವಾಮಿ, ವಿಪರೀತ ಗಾಳಿ. ಆ ಯಂತ್ರ ಹಾರಿಹೋಗುತ್ತೋ ಏನೋ. ಏನ್ ಮಾಡ್ಲಿ?"

ಕೆಳಗಿಳಿದು ಬಾಗಿಲು ಹಾಕಿಕೊಂಡು ಕೂತುಬಿಡಿ ಎಂದು ಹೇಳಿದೆ. ಸರಿಯಾದ ಮಾತನ್ನೇ ಹೇಳಿದೆ ಎಂದು ಅನಘಾ ಮರುದಿನ ಮೆಚ್ಚಿಕೊಂಡಳು. ಹೇಳುವ ಮೊದಲು ನಾನು ಸ್ವಲ್ಪ ಹೊತ್ತು ಸುಮ್ಮನಿದ್ದದ್ದು ಅವಳಿಗೆ ಗೊತ್ತಿಲ್ಲ. ಅಷ್ಟು ಹೊತ್ತು ನಾನು, ಅವರ ಮನೆಯಲ್ಲಿ ಎಷ್ಟು ದೊಡ್ಡ ಪಾತ್ರೆ ಇರಬಹುದು ಎಂದು ಯೋಚಿಸುತ್ತಿದ್ದೆ.